ಜಗಜ್ಜೇತರನ್ನು ಗೊತ್ತುಮಾಡುವವರು ಯಾರು?

೨೦೨೫ನೆಯ ಇಸವಿ ಮಾರ್ಚಿ ೧ನೆಯ ತಾರೀಖು ಅಮೆರಿಕ ದೇಶದ ಲಾಸ್ ವೇಗಸ್ ನಗರದಲ್ಲಿ ಒಂದು ವಿಚಿತ್ರವಾದ ಸಂಗತಿಯು ನಡೆಯಿತು. ರಗ್ಬಿ ಲೀಗ್ ಎಂಬ ಆಟದಲ್ಲಿ ಇಂಗ್ಲೆಂಡಿನ ಅಗ್ರಪದವಿಯನ್ನು ಪಡೆದಿದ್ದ ವಿಗನ್ ಸಂಘದವರೂ, ಆಸ್ಟ್ರೇಲಿಯಾದ ಅಗ್ರಪದವಿಯನ್ನು ಸತತವಾಗಿ ನಾಲ್ಕನೆಯ ಸಲ ಗೆದ್ದಿದ್ದ ಪೆನ್ರಿತ್ ಸಂಘದವರೂ ಒಂದೇ ದಿನ, ಒಂದೇ ಕ್ರೀಡಾಂಗಣದಲ್ಲಿ, ಕೆಲವೇ ಗಂಟೆಗಳ ಅಂತರದಲ್ಲಿ ಕಣಕ್ಕಿಳಿದರು. ಆದರೆ ಅವರು ಒಬ್ಬರೊಡನೊಬ್ಬರು ಆಡಲಿಲ್ಲ. ವಿಗನಿನವರು ತಮ್ಮ ನೆರೆಯೂರಾದ ವಾರಿಂಗ್‌ಟನ್ನಿನವರನ್ನು ೪೮-೨೪ ಅಂಕಗಳಿಂದ ಸೋಲಿಸಿದರು. ಪೆನ್ರಿತಿನವರು ತಮ್ಮ ದೇಶದವರೇ ಆದ ಕ್ರೊನುಲಾದವರನ್ನು ೨೮-೨೨ ಅಂಕಗಳಿಂದ ಸೋಲಿಸಿದರು. ಅನಂತರ ಎಲ್ಲರೂ ತಂತಮ್ಮ ಊರಿಗೆ ಹಿಂದಿರುಗಿದರು. ಈ ಇಬ್ಬರು ಜೇತರಲ್ಲಿ ಯಾರು ಮೇಲೆಂಬುದನ್ನು ನಿರ್ಣಯಿಸುವುದಕ್ಕಾಗಿಯೇ ಇರುವ 'ವರ್ಲ್ಡ್ ಕ್ಲಬ್ ಚಾಲೆಂಜ್' ಎಂಬ ಪಂದ್ಯವು ಆ ವರ್ಷ ನಡೆಯಲೇ ಇಲ್ಲ. ಅದಕ್ಕೆ ದಿನ ಹೊಂದಲಿಲ್ಲವಂತೆ! ವಧೂವರರಿಬ್ಬರೂ ಒಂದೇ ಛತ್ರಕ್ಕೆ ಬಂದು ಇಳಿದಿರುವಾಗ, ಮುಹೂರ್ತವಿಲ್ಲವೆಂದು ಹೇಳಿ ಊಟವನ್ನು ಮಾತ್ರ ಬಡಿಸಿ ಕಳುಹಿಸಿದಂತಾಯಿತು.

ಎಲ್ಲಿಯೋ ಸಪ್ತಸಮುದ್ರಗಳ ಆಚೆ ನಡೆಯುವ ಆಟದ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ಈ ಆಟವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳರೆಂಬುದು ನಿಜ. ಆದರೆ ಆ ಅಂಗಣದಲ್ಲಿ ಎದ್ದಿರುವ ಪ್ರಶ್ನೆಯು ಆ ಅಂಗಣಕ್ಕೆ ಮಾತ್ರ ಸೇರಿದುದಲ್ಲ. ಆಟವು ಅದನ್ನು ಆಡಿ, ನೋಡಿ, ಬೆಳಸಿದ ಊರಿನ ಜನರದೋ, ಅದನ್ನು ತೋರಿಸುವ ಹಕ್ಕನ್ನು ಕೊಂಡ ವರ್ತಕರದೋ ಎಂಬುದೇ ಆ ಪ್ರಶ್ನೆ. ರಗ್ಬಿ ಲೀಗಿನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ದೊರೆತಿರುವಷ್ಟು ಸ್ಪಷ್ಟವಾದ ಉತ್ತರವು ಬೇರೆ ಯಾವ ಆಟದಲ್ಲಿಯೂ ದೊರೆತಂತೆ ನಮಗೆ ಕಾಣುವುದಿಲ್ಲ. ಆದುದರಿಂದಲೇ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮೊದಲು ಆಟದ ಹುಟ್ಟನ್ನು ತಿಳಿಯುವುದು ಅವಶ್ಯಕ. ಇಂಗ್ಲೆಂಡಿನ ಉತ್ತರ ಭಾಗದಲ್ಲಿರುವ ಯಾರ್ಕ್‌ಷೈರ್, ಲ್ಯಾಂಕಷೈರ್ ಪ್ರಾಂತಗಳು ಗಿರಣಿಗಳಿಗೂ ಕಲ್ಲಿದ್ದಲ ಗಣಿಗಳಿಗೂ ಹೆಸರಾದ ಸೀಮೆ. ಅಲ್ಲಿ ರಗ್ಬಿ ಆಡುತ್ತಿದ್ದವರಲ್ಲಿ ಬಹುಮಂದಿ ಕೂಲಿಗಾರರು. ಶನಿವಾರವೂ ಅವರಿಗೆ ಕೆಲಸವುಂಟು. ಪಂದ್ಯಕ್ಕೆ ಹೋದರೆ ಕೂಲಿ ಖೋತಾ. ಕಳೆದುಹೋದ ಆ ಕೂಲಿಯನ್ನಾದರೂ ತುಂಬಿಕೊಡಿರೆಂದು ಅವರು ಕೇಳಿದರು. ದಕ್ಷಿಣದ ಸಿರಿವಂತರ ಹಿಡಿತದಲ್ಲಿದ್ದ ರಗ್ಬಿ ಮಂಡಲಿಯು, ಆಟಕ್ಕೆ ಹಣ ಮುಟ್ಟುವುದು ಸಭ್ಯಗೃಹಸ್ಥರ ಲಕ್ಷಣವಲ್ಲವೆಂದು ೧೮೯೩ರಲ್ಲಿ ಆ ಬೇಡಿಕೆಯನ್ನು ತಳ್ಳಿಹಾಕಿತು. ಉಂಡು ತೇಗುವವನಿಗೆ ಹಸಿದವನ ಸಂಕಟ ತಿಳಿಯುವುದೆಂತು? ೧೮೯೫ನೆಯ ಆಗಸ್ಟು ೨೯ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ೨೦ಕ್ಕೂ ಹೆಚ್ಚು ಸಂಘಗಳ ಪ್ರತಿನಿಧಿಗಳು ಸಭೆಸೇರಿ, ಹಳೆಯ ಮಂಡಲಿಯನ್ನು ತ್ಯಜಿಸಿ 'ನಾರ್ದರ್ನ್ ಯೂನಿಯನ್' ಎಂಬ ಹೊಸ ಮಂಡಲಿಯನ್ನು ಕಟ್ಟಿದರು. ಆಟಗಾರನು ಕೆಲಸ ತಪ್ಪಿಸಿಕೊಂಡ ದಿನವೊಂದಕ್ಕೆ ಆರು ಷಿಲಿಂಗುಗಳವರೆಗೆ ಕೊಡಬಹುದೆಂದು ಗೊತ್ತಾಯಿತು. ಈ ಆಟವು ಹುಟ್ಟಿದ್ದು ಆ ಆರು ಷಿಲಿಂಗಿನ ನ್ಯಾಯದಿಂದ. ವಿಗನ್, ಸೇಂಟ್ ಹೆಲೆನ್ಸ್, ಲೀಡ್ಸ್, ವಿಡ್ನೆಸ್ ಮೊದಲಾದ ಇಂದಿನ ಪ್ರಸಿದ್ಧ ಸಂಘಗಳು ಆ ದಿನವೇ ಅದರಲ್ಲಿ ಸೇರಿದ್ದುವು.

ಕ್ರಮೇಣ ನಿಯಮಗಳೂ ಬದಲಾದುವು. ೧೯೦೬ರಲ್ಲಿ ಪಕ್ಷವೊಂದಕ್ಕೆ ೧೫ ಮಂದಿಯಿದ್ದುದು ೧೩ಕ್ಕೆ ಇಳಿಯಿತು. ಚೆಂಡನ್ನು ಹಿಡಿದು ಓಡುವವನನ್ನು ಎದುರಾಳಿಗಳು ಕೆಡಹಿ ನಿಲ್ಲಿಸಿದರೆ, ಅವನು ಎದ್ದು ಕಾಲಿನಿಂದ ಚೆಂಡನ್ನು ಹಿಂದಕ್ಕೆ ತಳ್ಳಿ ಆಟವನ್ನು ಮುಂದುವರಿಸಬೇಕು. ಹೀಗೆ ಆರು ಸಲ ತಡೆದರೆ ಚೆಂಡು ಎದುರಾಳಿಗಳ ಪಾಲಾಗುವುದು. ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ನಾಲ್ಕಂಕ. ಅನಂತರ ಕಂಬಗಳ ನಡುವೆ ಒದೆದು ದಾಟಿಸಿದರೆ ಎರಡಂಕ. ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುವಾಗ ಒದೆದು ದಾಟಿಸಿದರೆ ಒಂದಂಕ. ಕಬಡ್ಡಿಯನ್ನು ಬಲ್ಲ ನಮ್ಮ ತರುಣರಿಗೆ ಇದರ ಸ್ವಾರಸ್ಯವು ಅರ್ಥವಾಗಲು ಕಾಲು ಗಂಟೆ ಸಾಕು.

ಇದೇ ಅನ್ಯಾಯವು ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿಯೂ ಇದ್ದಿತು. ಪಂದ್ಯ ನೋಡಲು ಸಾವಿರಾರು ಜನರು ಹಣ ಕೊಟ್ಟು ಬರುತ್ತಿದ್ದರು. ಆದರೆ ಆಟದಲ್ಲಿ ಮೈ ಮುರಿದುಕೊಂಡು ಕೂಲಿ ಕಳೆದುಕೊಂಡವನಿಗೆ ಮಂಡಲಿಯಿಂದ ಪರಿಹಾರವಿಲ್ಲ. ಇದನ್ನು ಸಹಿಸದ ಕೆಲವರು ೧೯೦೭ನೆಯ ಆಗಸ್ಟು ೮ರಂದು ಹೊಸ ಲೀಗನ್ನು ಸ್ಥಾಪಿಸಿದರು. ಅವರಲ್ಲಿ ಕ್ರಿಕೆಟ್ ಪ್ರಪಂಚದಲ್ಲಿ ಚಿರಸ್ಮರಣೀಯನಾದ ವಿಕ್ಟರ್ ಟ್ರಂಪರನೂ ಒಬ್ಬನೆಂದರೆ ನಮ್ಮ ಕ್ರಿಕೆಟ್ ಪ್ರಿಯರಿಗೆ ಆಶ್ಚರ್ಯವಾಗಬಹುದು. ಆರಂಭದ ಸಮಾಲೋಚನೆಗಳು ನಡೆದುದು ಅವನ ಕ್ರೀಡಾಸಾಮಗ್ರಿಯ ಅಂಗಡಿಯಲ್ಲಿಯೇ. ೧೯೦೮ರಲ್ಲಿ ಅಲ್ಲಿ ಪಂದ್ಯಾವಳಿಯು ಮೊದಲಾಯಿತು. ಹೀಗೆ ಭೂಮಂಡಲದ ಎರಡು ಕೊನೆಗಳಲ್ಲಿ, ಒಂದೇ ಬಗೆಯ ಜನರಿಗಾಗಿ, ಒಂದೇ ಬಗೆಯ ನ್ಯಾಯಕ್ಕಾಗಿ ಎರಡು ಲೀಗುಗಳು ಹುಟ್ಟಿದುವು. ಒಡಹುಟ್ಟಿದವರು ಬೇರೆಬೇರೆ ಮನೆಗಳಲ್ಲಿ ಬೆಳೆದರೆ ಪರಸ್ಪರ ಬಲಪರೀಕ್ಷೆಯಾಗಲೆಂದು ಆಶಿಸುವುದು ಸಹಜವಷ್ಟೆ.

ಆ ಬಲಪರೀಕ್ಷೆಯು ಸಂಘ ಸಂಘಗಳ ನಡುವೆ ಮೊದಲು ನಡೆದುದು ೧೯೭೬ರಲ್ಲಿ. ಸಿಡ್ನಿಯ ಈಸ್ಟರ್ನ್ ಸಬರ್ಬ್ಸ್ ಸಂಘವು ಅಲ್ಲಿಗೆ ಬಂದಿದ್ದ ಸೇಂಟ್ ಹೆಲೆನ್ಸ್ ಸಂಘವನ್ನು ೨೫-೨ ಅಂಕಗಳಿಂದ ಸೋಲಿಸಿತು. ಬಳಿಕ ೧೯೮೭ನೆಯ ಅಕ್ಟೋಬರ್ ೭ರಂದು ವಿಗನಿನವರು ಆಸ್ಟ್ರೇಲಿಯಾದ ಜೇತರಾದ ಮ್ಯಾನ್ಲಿ ಸಂಘವನ್ನು ತಮ್ಮೂರಿಗೆ ಆಹ್ವಾನಿಸಿದರು. ಸೆಂಟ್ರಲ್ ಪಾರ್ಕ್ ಅಂಗಣದಲ್ಲಿ ಲೆಕ್ಕಕ್ಕೆ ಸಿಕ್ಕಿದ ಪ್ರೇಕ್ಷಕರೇ ೩೬,೮೯೫ ಮಂದಿ. ಆ ರಾತ್ರಿ ಎರಡು ಪಕ್ಷದವರಲ್ಲಿ ಒಬ್ಬರಾದರೂ ಗೆರೆಯಾಚೆ ಚೆಂಡನ್ನು ಮುಟ್ಟಿಸಲಾಗಲಿಲ್ಲ. ದಂಡನೆಯ ಒದೆತಗಳಿಂದಲೇ ವಿಗನ್ ೮-೨ರಂತೆ ಗೆದ್ದಿತು. ಅಂಕಗಳು ಕಡಮೆಯಾದುವೆಂದು ಯಾರೂ ದೂರಲಿಲ್ಲ. ಅಂಗುಲ ಅಂಗುಲಕ್ಕೂ ಕಾದಾಡಿದ ಆ ಪಂದ್ಯವನ್ನು ಆ ಊರಿನ ಜನರು ಇಂದಿಗೂ ನೆನೆಯುತ್ತಾರೆ. ಅದೇ ವಿಗನ್ ಸಂಘವು ೧೯೯೪ನೆಯ ಜೂನ್ ೧ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರಕ್ಕೆ ಹೋಗಿ, ೫೪,೨೨೦ ಪ್ರೇಕ್ಷಕರ ಎದುರಿನಲ್ಲಿ, ಅಲ್ಲಿನವರನ್ನೇ ೨೦-೧೪ರಂತೆ ಸೋಲಿಸಿ ಬಂದಿತು. ಎರಡು ದೇಶಗಳ ಜೇತರು ಒಬ್ಬರ ಮನೆಯಂಗಳಕ್ಕೆ ಮತ್ತೊಬ್ಬರು ಹೋಗಿ ತೀರ್ಮಾನಿಸಿಕೊಂಡ ಪದವಿಯಾದುದರಿಂದ ಅದಕ್ಕೆ ಬೆಲೆಯಿದ್ದಿತು.

ಮರುವರ್ಷ, ಎಂದರೆ ೧೯೯೫ರಲ್ಲಿ, ಬಂದುದು ಆಟದ ಶತಮಾನೋತ್ಸವ. ನೂರು ವರ್ಷಗಳ ಹಿಂದೆ ದಿನಕ್ಕೆ ಆರು ಷಿಲಿಂಗಿಗಾಗಿ ಹೊಡೆದಾಡಿದ ಮಂಡಲಿಯ ಮುಂದೆ ಆ ವರ್ಷದ ಏಪ್ರಿಲಿನಲ್ಲಿ ೮ ಕೋಟಿ ೭೦ ಲಕ್ಷ ಪೌಂಡುಗಳ ಥೈಲಿಯು ಬಂದು ಬಿದ್ದಿತು. ಕೊಟ್ಟವರು ಪತ್ರಿಕೆಗಳಿಗೂ ದೂರದರ್ಶನ ಕೇಂದ್ರಗಳಿಗೂ ಒಡೆಯರಾದ ರೂಪರ್ಟ್ ಮರ್ಡಾಕರ ಕಂಪೆನಿಯವರು. ದುಡ್ಡೇ ದೊಡ್ಡಪ್ಪನೆಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ? ಚಳಿಗಾಲದ ಆಟವು ಬೇಸಗೆಯ ಆಟವಾಗಬೇಕೆಂದಾಯಿತು. ಊರೂರಿನ ಹಳೆಯ ಸಂಘಗಳನ್ನು ಬೆರಸಿ ಹೊಸ ಸಂಘಗಳನ್ನು ಮಾಡಬೇಕೆಂದಾಯಿತು. ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್, ಫೆದರ್‌ಸ್ಟನ್ ಎಂಬ ಮೂರು ಊರುಗಳ ಸಂಘಗಳನ್ನು ಅಳಿಸಿ 'ಕಾಲ್ಡರ್' ಎಂಬ ಒಂದನ್ನು ನಿಲ್ಲಿಸುವ ಯೋಜನೆಯೂ ಹೊರಟಿತು. ಜನರು ಬೀದಿಗೂ ಅಂಗಣಕ್ಕೂ ಇಳಿದು ಪ್ರತಿಭಟಿಸಿದರು. ಬೇಸಗೆಯ ಆಟವು ೧೯೯೬ರಲ್ಲಿ ಬಂದಿತು. ಬೆರಕೆಯ ಯೋಜನೆಯು ಮಾತ್ರ ಮಣ್ಣುಗೂಡಿತು.

ಆಸ್ಟ್ರೇಲಿಯಾದಲ್ಲಿ ಇದು ಯುದ್ಧವಾಗಿಯೇ ಪರಿಣಮಿಸಿತು. ಒಂದು ಕಡೆ ಮರ್ಡಾಕರ 'ಸೂಪರ್ ಲೀಗ್'. ಇನ್ನೊಂದು ಕಡೆ ಕೆರಿ ಪ್ಯಾಕರರ ಬೆಂಬಲವಿದ್ದ ಹಳೆಯ ಲೀಗು. ನ್ಯಾಯಾಲಯಗಳಲ್ಲಿ ಹೋರಾಟ ನಡೆದು, ಕೊನೆಗೆ ೧೯೯೭ರಲ್ಲಿ ಒಂದೇ ದೇಶದಲ್ಲಿ ಎರಡು ಪಂದ್ಯಾವಳಿಗಳು ಏಕಕಾಲಕ್ಕೆ ನಡೆದುವು. ಅದೇ ವರ್ಷ ಸೂಪರ್ ಲೀಗಿನವರು ತಮ್ಮ ೧೦ ಸಂಘಗಳನ್ನೂ ಯೂರೋಪಿನ ೧೨ ಸಂಘಗಳನ್ನೂ ಸೇರಿಸಿ 'ವಿಶ್ವ ಸಂಘ ಪಂದ್ಯಾವಳಿ'ಯೆಂದು ಡಂಗುರ ಹೊಡೆಸಿದರು. ವಿಮಾನಗಳಲ್ಲಿ ಆಟಗಾರರು ಸಾಗರಗಳನ್ನು ದಾಟಿ ಹಿಂದೆಮುಂದೆ ಓಡಾಡಿದರು. ಆರಂಭದ ಸುತ್ತಿನ ೬೦ ಪಂದ್ಯಗಳಲ್ಲಿ ಯೂರೋಪಿನವರು ಗೆದ್ದುವು ಬೆರಳೆಣಿಕೆಯಷ್ಟು. ಆದರೂ ಎರಡು ಖಂಡಗಳ ಸಂಘಗಳೂ ಮುಂದಿನ ಸುತ್ತಿನಲ್ಲಿರಬೇಕೆಂದು ಮೊದಲೇ ಕಟ್ಟಳೆ ಮಾಡಿದ್ದುದರಿಂದ, ಒಂದು ಪಂದ್ಯವನ್ನೂ ಗೆಲ್ಲದವರಿಗೆ ಕೂಡ ಮುಂದಕ್ಕೆ ದಾರಿ ದೊರೆಯಿತು! ಸೋತವನನ್ನು ಗೆದ್ದವನ ಪಂಕ್ತಿಯಲ್ಲಿ ಕೂರಿಸಿದರೆ ಸೋತವನಿಗೂ ಮಾನವಿಲ್ಲ, ಗೆದ್ದವನಿಗೂ ಮಾನವಿಲ್ಲ. ಅಕ್ಟೋಬರ್ ೧೭ರಂದು ಆಕ್ಲೆಂಡಿನಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಬ್ರಿಸ್ಬೇನಿನವರು ಹಂಟರ್ ಮ್ಯಾರಿನರ್ಸ್ ಸಂಘವನ್ನು ೩೬-೧೨ರಂತೆ ಸೋಲಿಸಿ ಜಗಜ್ಜೇತರೆನಿಸಿಕೊಂಡರು.

ಈ ಹಂಟರ್ ಮ್ಯಾರಿನರ್ಸ್ ಯಾರೆಂಬುದನ್ನು ವಾಚಕರು ಗಮನಿಸಬೇಕು. ಸಿಡ್ನಿಗೆ ಉತ್ತರದಲ್ಲಿರುವ ನ್ಯೂಕ್ಯಾಸಲ್ ಎಂಬ ಕಲ್ಲಿದ್ದಲು ಮತ್ತು ಉಕ್ಕಿನ ಪಟ್ಟಣದಲ್ಲಿ 'ನೈಟ್ಸ್' ಎಂಬ ಸಂಘವು ಆಗಲೇ ಇದ್ದಿತು. ಅದು ಹಳೆಯ ಲೀಗಿಗೆ ನಿಷ್ಠವಾಗಿ ಉಳಿಯಿತು. ಅದಕ್ಕೆ ಪ್ರತಿಯಾಗಿ ಸೂಪರ್ ಲೀಗಿನವರು ಅದೇ ಪಟ್ಟಣದಲ್ಲಿ ಸ್ಥಾಪಿಸಿದ ಸಂಘವೇ ಮ್ಯಾರಿನರ್ಸ್. ಆ ವರ್ಷದ ಏಪ್ರಿಲಿನಲ್ಲಿ ಪಟ್ಟಣದ ದೊಡ್ಡ ಉಕ್ಕಿನ ಕಾರ್ಖಾನೆಯು ಮುಚ್ಚಲಿದೆಯೆಂಬ ಪ್ರಕಟಣೆಯು ಬಂದು ಜನರು ಎದೆಗುಂದಿದ್ದರು. ಅಂತಹ ಕಾಲದಲ್ಲಿ, ಸೆಪ್ಟೆಂಬರ್ ೨೮ರಂದು, ನೈಟ್ಸ್ ಸಂಘವು ಮ್ಯಾನ್ಲಿಯವರನ್ನು ೨೨-೧೬ರಂತೆ ಸೋಲಿಸಿ ತನ್ನ ಮೊದಲನೆಯ ಅಗ್ರಪದವಿಯನ್ನು ಗಳಿಸಿತು. ಪಟ್ಟಣಕ್ಕೆ ಪಟ್ಟಣವೇ ಆನಂದದಿಂದ ಕಣ್ಣೀರಿಟ್ಟಿತು. ಆದರೆ ಅವರಿಗೆ 'ವಿಶ್ವ' ಪಂದ್ಯಾವಳಿಯಲ್ಲಿ ಸ್ಥಳವಿರಲಿಲ್ಲ. ಪಟ್ಟಣವು ತನ್ನದೆಂದು ಅಪ್ಪಿಕೊಂಡಿದ್ದ ಜೇತರು ಹೊರಗೆ. ಪಟ್ಟಣವು ಬೇಡದಿದ್ದ ಹೊಸಬರು ಜಗತ್ತಿನ ಕೊನೆಯ ಪಂದ್ಯದಲ್ಲಿ! ಮ್ಯಾರಿನರ್ಸ್ ಸಂಘವು ಆ ಒಂದು ವರ್ಷವಿದ್ದು ಮುಚ್ಚಿಹೋಯಿತು. ನೈಟ್ಸ್ ಸಂಘವು ಇಂದಿಗೂ ಬಾಳುತ್ತಿದೆ. ಬ್ರಿಸ್ಬೇನಿನ ಆಟಗಾರರ ಶೌರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರು ಗೆದ್ದುದು ಅರ್ಧ ಜಗತ್ತನ್ನು. ಮಿಕ್ಕರ್ಧವನ್ನು ಪ್ರವೇಶಿಸಗೊಡದೆ ಬಾಗಿಲು ಹಾಕಿದ್ದವರು ಆಟಗಾರರಲ್ಲ, ಯಜಮಾನರು.

ಆ ವರ್ಷದ ಕೊನೆಯಲ್ಲಿ ಎರಡು ಲೀಗುಗಳೂ ಸಂಧಿ ಮಾಡಿಕೊಂಡುವು. ಆದರೆ ಸಂಧಿಯ ಬೆಲೆಯನ್ನು ತೆರಬೇಕಾದವರು ಜನರು. ಸಂಘಗಳ ಸಂಖ್ಯೆಯನ್ನು ೧೪ಕ್ಕೆ ಇಳಿಸಬೇಕೆಂದು, ೧೯೦೮ರಿಂದ ಆಡುತ್ತಿದ್ದ, ಎಲ್ಲರಿಗಿಂತ ಹೆಚ್ಚು ಸಲ ಅಗ್ರಪದವಿ ಗಳಿಸಿದ್ದ, ಬಡವರ ಬಡಾವಣೆಗಳ ಸಂಘವಾದ ಸೌತ್ ಸಿಡ್ನಿಯನ್ನು ೧೯೯೯ರಲ್ಲಿ ಹೊರಹಾಕಿದರು. ೨೦೦೦ದ ನವೆಂಬರಿನಲ್ಲಿ ಸುಮಾರು ೮೦,೦೦೦ ಜನರು ಕೆಂಪು ಹಸುರು ಬಾವುಟಗಳನ್ನು ಹಿಡಿದು ಸಿಡ್ನಿಯ ಬೀದಿಗಳಲ್ಲಿ ನಡೆದರು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಯಿತು. ೨೦೦೧ರಲ್ಲಿ ಮೇಲ್ಮನವಿಯ ತೀರ್ಪು ಸಂಘದ ಪರವಾಗಿ ಬಂದು, ೨೦೦೨ರಲ್ಲಿ ಅವರು ಮರಳಿ ಕಣಕ್ಕಿಳಿದರು. ೨೦೧೪ರಲ್ಲಿ ಅವರು ಆಸ್ಟ್ರೇಲಿಯಾದ ಜೇತರಾದರು. ೨೦೧೫ನೆಯ ಫೆಬ್ರವರಿ ೨೨ರಂದು ಇಂಗ್ಲೆಂಡಿಗೆ ಹೋಗಿ ಸೇಂಟ್ ಹೆಲೆನ್ಸ್ ಸಂಘವನ್ನು ೩೯-೦ ಅಂಕಗಳಿಂದ ಸೋಲಿಸಿ ಜಗಜ್ಜೇತರಾದರು. ಲೆಕ್ಕದ ಪುಸ್ತಕದಲ್ಲಿ ಬೇಡವೆಂದು ಗೀಟೆಳೆದಿದ್ದ ಹೆಸರು ಜಗತ್ತಿನ ನೆತ್ತಿಯ ಮೇಲೆ ಬರೆಯಲ್ಪಟ್ಟಿತು. ಯಜಮಾನರ ದೂರದೃಷ್ಟಿಗೆ ಇದಕ್ಕಿಂತ ಪ್ರಬಲವಾದ ಖಂಡನೆಯು ಬೇರೆ ಬೇಕಾಗಿಲ್ಲ.

ಹಣವೇ ಇಲ್ಲದೆ ಆಟ ನಡೆಯಲೆಂಬುದು ನಮ್ಮ ವಾದವಲ್ಲ. ಹಾಗೆ ಹೇಳಿದರೆ ೧೮೯೩ರ ಸಿರಿವಂತರ ಮಾತನ್ನೇ ನಾವೂ ಆಡಿದಂತಾಗುವುದು. ಆಟಗಾರನು ಮೈಮುರಿದು ದುಡಿಯುತ್ತಾನೆ. ಅವನಿಗೆ ಪೂರ್ಣವಾದ ಪ್ರತಿಫಲವು ಸಲ್ಲಬೇಕು. ಮರಳಿ ಬಂದ ಸೌತ್ ಸಿಡ್ನಿ ಸಂಘವು ಕೂಡ ೨೦೦೬ರಲ್ಲಿ ತನ್ನ ಒಡೆತನದ ನಾಲ್ಕರಲ್ಲಿ ಮೂರು ಪಾಲನ್ನು ಚಿತ್ರನಟ ರಸೆಲ್ ಕ್ರೋ ಮತ್ತು ಅವರ ಜೊತೆಗಾರರಿಗೆ ಕೊಟ್ಟು, ಆ ಬಂಡವಾಳದಿಂದಲೇ ಚೇತರಿಸಿಕೊಂಡಿತು. ಆದರೆ ಆ ಮಾರಾಟಕ್ಕೆ ಸದಸ್ಯರು ಮತ ಕೊಟ್ಟಿದ್ದರು. ಹೆಸರು, ಬಣ್ಣ, ಊರು ಯಾವುದೂ ಬದಲಾಗಲಿಲ್ಲ. ಹಣವು ಸಂಘದ ಸೇವೆಗೆ ಬಂದುದು ಅಲ್ಲಿ. ಸಂಘವನ್ನು ಹಣದ ಸೇವೆಗೆ ಹಚ್ಚಿದುದು ೧೯೯೭ರಲ್ಲಿ. ಈ ಭೇದವನ್ನು ಮರೆಯಬಾರದು.

ಇನ್ನೊಂದು ಆಕ್ಷೇಪವುಂಟು. ಇದು ಸರಿಜೋಡಿಯ ಪಂದ್ಯವೇ ಅಲ್ಲ, ಆಸ್ಟ್ರೇಲಿಯಾದವರ ಬಲವೇ ಬೇರೆ, ಆದುದರಿಂದ ಇದಕ್ಕೆ ಅಷ್ಟು ಮಹತ್ವವೇಕೆ ಎಂದು ಅಲ್ಲಿನ ಕೆಲವರು ಹೇಳುತ್ತಾರೆ. ಅಲ್ಲಿನ ಸಂಘಗಳು ಆಟಗಾರರಿಗೆ ವ್ಯಯಿಸಬಹುದಾದ ಮೊತ್ತವು ಇಂಗ್ಲೆಂಡಿನ ಸಂಘಗಳದಕ್ಕಿಂತ ಎರಡು ಪಟ್ಟಿಗೂ ಮೀರಿದ್ದೆಂಬುದು ನಿಜ. ಪಂದ್ಯವನ್ನು ಮೂರು ಜೋಡಿಗಳಿಗೆ ವಿಸ್ತರಿಸಿದ ೨೦೧೫, ೨೦೧೬ನೆಯ ವರ್ಷಗಳಲ್ಲಿ ಆರಕ್ಕೆ ಆರನ್ನೂ ಆಸ್ಟ್ರೇಲಿಯಾದವರೇ ಗೆದ್ದುದೂ ನಿಜ. ಆದರೆ ೨೦೧೭ರಲ್ಲಿ ನಡೆದ ಎರಡನ್ನೂ ಇಂಗ್ಲೆಂಡಿನವರು ಗೆದ್ದರು. ೨೦೨೩ನೆಯ ಫೆಬ್ರವರಿ ೧೮ರಂದು ನಡೆದುದನ್ನಂತೂ ಕೇಳಬೇಕು. ಗಾಜಿನ ಕಾರ್ಖಾನೆಗಳಿಗೆ ಹೆಸರಾದ ಸೇಂಟ್ ಹೆಲೆನ್ಸ್ ಊರಿನವರು ಸಿಡ್ನಿಯ ಪಶ್ಚಿಮದಂಚಿನಲ್ಲಿರುವ ಪೆನ್ರಿತ್‌ಗೆ ಹೋದರು. ಅವರು ಗೆಲ್ಲುವರೆಂದು ನಂಬಿದವರು ಕಡಮೆ. ಕೊನೆಯ ಗಳಿಗೆಯಲ್ಲಿ ಪೆನ್ರಿತಿನವರು ೧೨-೧೨ಕ್ಕೆ ಸಮಮಾಡಿದರು. ಹೆಚ್ಚಿನ ವೇಳೆಯ ಆಟದಲ್ಲಿ ಲೂಯಿಸ್ ಡಾಡ್ ಎಂಬ ತರುಣನು ಚೆಂಡನ್ನು ಕಂಬಗಳ ನಡುವೆ ಒದೆದು ಒಂದಂಕವನ್ನು ಗಳಿಸಲು, ೧೩-೧೨ರಂತೆ ಗೆಲವು ಸೇಂಟ್ ಹೆಲೆನ್ಸಿನದಾಯಿತು. ವಿಗನಿನವರು ೧೯೯೪ರಲ್ಲಿ ಗೆದ್ದ ಮೇಲೆ ಆಸ್ಟ್ರೇಲಿಯಾದ ನೆಲದಲ್ಲಿ ಇಂಗ್ಲೆಂಡಿನ ಸಂಘವೊಂದು ಈ ಪದವಿಯನ್ನು ಗಳಿಸಿದುದು ಆಗಲೇ. ಮರುವರ್ಷ ವಿಗನ್ ತನ್ನೂರಿನಲ್ಲಿ ಅದೇ ಪೆನ್ರಿತ್ ಸಂಘವನ್ನು ೧೬-೧೨ರಂತೆ ಸೋಲಿಸಿತು. ಬಡವನ ಮನೆಯ ಮಗನು ಸಿರಿವಂತನ ಮನೆಯ ಮಗನನ್ನು ಅಂಗಣದಲ್ಲಿ ಗೆಲ್ಲಬಹುದೆಂಬ ಆಶೆಯೇ ಆಟದ ಜೀವಾಳ. ಜೋಡಿ ಸಮವಲ್ಲವೆಂದು ಹೇಳಿ ಪಂದ್ಯವನ್ನೇ ತಪ್ಪಿಸಿದರೆ ಆ ಆಶೆಗೆ ಎಡೆಯೆಲ್ಲಿ?

ಇಂತಹ ಎರಡು ಪಂದ್ಯಗಳಾದ ಮೇಲೆ, ಮೂರನೆಯ ವರ್ಷ, ಅದೇ ವಿಗನ್, ಅದೇ ಪೆನ್ರಿತ್ ಒಂದೇ ಊರಿನಲ್ಲಿ ಸೇರಿದಾಗ ಅವರನ್ನು ಎದುರುಬದುರು ನಿಲ್ಲಿಸಲಿಲ್ಲವೆಂಬುದನ್ನು ನೆನೆದರೆ ನಮಗೆ ವ್ಯಸನವಾಗುತ್ತದೆ. ಅಮೆರಿಕದವರಿಗೆ ಈ ಆಟವನ್ನು ಪರಿಚಯ ಮಾಡಿಸುವ ಉದ್ದೇಶವು ತಪ್ಪಲ್ಲ. ಆದರೆ ಅತಿಥಿಗೆ ಮನೆಯನ್ನು ತೋರಿಸುವಾಗ ದೇವರ ಕೋಣೆಗೆ ಬೀಗ ಹಾಕುವರೆ?

ನಮ್ಮ ಅಭಿಪ್ರಾಯದಲ್ಲಿ ಮಾಡಬೇಕಾದುದು ಮೂರೇ ಕೆಲಸ. ಮೊದಲನೆಯದಾಗಿ, ಎರಡು ಲೀಗುಗಳೂ ತಮ್ಮ ವರ್ಷದ ಪಂದ್ಯಗಳ ಪಟ್ಟಿಯನ್ನು ಬರೆಯುವಾಗ ಈ ಪಂದ್ಯದ ದಿನವನ್ನು ಮೊದಲು ಬರೆದು, ಮಿಕ್ಕುದನ್ನು ಅನಂತರ ಬರೆಯಬೇಕು. ಒಂದು ವರ್ಷ ನಡೆದು ಇನ್ನೊಂದು ವರ್ಷ ತಪ್ಪುವ ಪದವಿಗೆ ಗೌರವ ನಿಲ್ಲುವುದಿಲ್ಲ. ಎರಡನೆಯದಾಗಿ, ಒಂದು ವರ್ಷ ಇಂಗ್ಲೆಂಡಿನಲ್ಲಿಯೂ ಮರುವರ್ಷ ಆಸ್ಟ್ರೇಲಿಯಾದಲ್ಲಿಯೂ ಪಂದ್ಯವು ನಡೆಯಬೇಕು. ೨೦೦೦ದಿಂದ ೨೦೧೩ರವರೆಗೆ ಇದು ಸತತವಾಗಿ ಇಂಗ್ಲೆಂಡಿನಲ್ಲಿಯೇ ನಡೆಯಿತು. ಕಣ್ಣೆದುರಿಗೆ ಬಾರದುದನ್ನು ಆಸ್ಟ್ರೇಲಿಯಾದ ಜನರು ತಮ್ಮದೆಂದು ಭಾವಿಸಲಿಲ್ಲವೆಂದರೆ ತಪ್ಪು ಅವರದಲ್ಲ. ಮೂರನೆಯದಾಗಿ, ಕಣಕ್ಕಿಳಿಯುವ ಹಕ್ಕು ಆಯಾ ಲೀಗಿನಲ್ಲಿ ಗೆದ್ದವರಿಗೆ ಮಾತ್ರ ಇರಬೇಕು. ಹಣ ಹಾಕಿದವರ ಸಂಘವೆಂದು, ನೋಡುವವರು ಹೆಚ್ಚೆಂದು, ಹೊಸ ಪೇಟೆ ದೊರೆಯುವುದೆಂದು ಯಾರನ್ನೂ ಒಳಕ್ಕೆ ತರಲೂ ಕೂಡದು, ಹೊರಕ್ಕೆ ದೂಡಲೂ ಕೂಡದು.

ಇವು ದೊಡ್ಡ ಸುಧಾರಣೆಗಳಲ್ಲ. ಆಟಗಾರರು ತಮ್ಮ ಪಾಲಿನ ಕರ್ತವ್ಯವನ್ನು ಮಾಡಿದ್ದಾರೆ. ಜನರೂ ಮಳೆ ಚಳಿಗಳೆನ್ನದೆ ಬಂದು ತಮ್ಮ ಪಾಲಿನದನ್ನು ಮಾಡಿದ್ದಾರೆ. ಉಳಿದಿರುವುದು ಅಧಿಕಾರದ ಕುರ್ಚಿಯಲ್ಲಿ ಕುಳಿತವರದು. ಕಾಲ್ಡರ್ ಎಂಬ ಹೆಸರು ಕಾಗದದಲ್ಲಿಯೇ ಸತ್ತಿತು. ಮ್ಯಾರಿನರ್ಸ್ ಒಂದೇ ವರ್ಷದ ಪಂದ್ಯಾವಳಿಯನ್ನು ಆಡಿ ಅಳಿಯಿತು. ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್, ಫೆದರ್‌ಸ್ಟನ್, ನ್ಯೂಕ್ಯಾಸಲ್, ಸೌತ್ ಸಿಡ್ನಿ ಎಂಬ ಹೆಸರುಗಳು ಉಳಿದುವು. ಜನರು ಯಾವುದನ್ನು ತಮ್ಮದೆಂದು ಹಿಡಿದುಕೊಂಡರೋ ಅದು ಉಳಿಯಿತು. ಲೀಗಿನ ಯಜಮಾನರು ಮುಂದಿನ ವರ್ಷದ ಪಟ್ಟಿಯನ್ನು ಬರೆಯಲು ಲೇಖನಿಯನ್ನು ಹಿಡಿದಾಗಲೆಲ್ಲ ಈ ಹೆಸರುಗಳನ್ನು ಒಮ್ಮೆ ಓದಿಕೊಂಡರೆ, ಜೇತರಿಬ್ಬರೂ ಒಂದೇ ಅಂಗಣಕ್ಕೆ ಬಂದು ಆಡದೆ ಹಿಂದಿರುಗುವ ಪ್ರಸಂಗವು ಮತ್ತೊಮ್ಮೆ ಒದಗಲಾರದು.